ಬೆಳಗಾವಿಯಲ್ಲಿ ಕುಳಿತು ದುಬೈ ಮನೆ ಮಾರುವುದು: ಮೊದಲು ತಾರೀಖು, ಆಮೇಲೆ ಬೆಲೆ

ಹೋದ ತಿಂಗಳು ಬಾಗಲಕೋಟೆಯಿಂದ ಒಬ್ಬ ಹಿರಿಯರು ಬೆಳಗಾವಿಯ ಹನುಮಾನ ನಗರದ ನಮ್ಮ ಮನೆಗೆ ಬಂದಿದ್ದರು. ಕೈಯಲ್ಲಿ ಒಂದು ಫೈಲು. ಅದರೊಳಗೆ ದುಬೈ ವಿಲ್ಲಾದ ಟೈಟಲ್ ಡೀಡ್, ಬಾಡಿಗೆ ಕರಾರು, ರಬ್ಬರ್ ಬ್ಯಾಂಡ್ ಹಾಕಿದ ಎರಡು ಪಾಸ್‌ಪೋರ್ಟ್. ಚಹಾ ಕುಡಿಯುತ್ತಲೇ ಕೇಳಿದರು: "ತಮ್ಮಾ, ಎಷ್ಟಕ್ಕ ಹೋದೀತು ಈ ಮನಿ?" ನಾನು ಅವರನ್ನೇ ಕೇಳಿದೆ: "ಕಾಕಾ, ನೀವು ಊರಿಗೆ ವಾಪಸ್ ಬಂದದ್ದು ಯಾವ ತಾರೀಖಿಗೆ?"

ಬೆಲೆ ಕೇಳಿದರೆ ಇವನು ತಾರೀಖು ಯಾಕೆ ಕೇಳುತ್ತಾನೆ ಅಂತ ಅವರಿಗೆ ಅನ್ನಿಸಿರಬೇಕು. ಯಾಕೆ ಅಂತ ಹೇಳುತ್ತೇನೆ. ನಾನು 14 ವರ್ಷ ದುಬೈನಲ್ಲಿದ್ದೆ. 2019ರ ಅಕ್ಟೋಬರ್‌ನಲ್ಲಿ ಊರಿಗೆ ಬಂದೆ. ಅಲ್ಲಿನ ಮನೆಯನ್ನು ಬಾಡಿಗೆಗೆ ಕೊಟ್ಟು ಬಂದಿದ್ದೆ. ನಮ್ಮ ಸಿಎ ಲೆಕ್ಕದ ಪ್ರಕಾರ 2022ರ ಮಾರ್ಚ್ 31ರ ಒಳಗೆ ಮಾರಿದ್ದರೆ ಲಾಭದ ಮೇಲೆ ಇಲ್ಲಿ ಒಂದು ರೂಪಾಯಿ ತೆರಿಗೆಯೂ ಇರಲಿಲ್ಲ. ನನ್ನ ಮನೆ ಮಾರಾಟವಾದದ್ದು 2022ರ ಜೂನ್‌ನಲ್ಲಿ. ಆ ಎರಡೂವರೆ ತಿಂಗಳು ಹೇಗೆ ತಪ್ಪಿತು ಅನ್ನುವುದು ಈ ಲೇಖನದಲ್ಲಿ ಮುಂದೆ ಬರುತ್ತದೆ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯಿಂದ ಗಲ್ಫ್‌ಗೆ ಹೋಗಿ, ಅಲ್ಲಿ ಮನೆ ಕೊಂಡು, ಈಗ ಊರಲ್ಲಿರುವವರು ತುಂಬಾ ಜನ ಇದ್ದಾರೆ. ಅವರಿಗೆ ಇದು ತಪ್ಪದಿರಲಿ ಎಂದೇ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ನಿಮ್ಮ ತಾರೀಖು ಲೆಕ್ಕ ಹಾಕಿ

"ದುಬೈನಲ್ಲಿ ಟ್ಯಾಕ್ಸ್ ಇಲ್ಲ, ಹಾಗಾಗಿ ನಮಗೂ ಇಲ್ಲ" ಎಂಬ ಮಾತನ್ನು ನಾನು ಬಹಳ ಕಡೆ ಕೇಳಿದ್ದೇನೆ. ಅರ್ಧ ಮಾತ್ರ ನಿಜ. ಮನೆ ಮಾರಿದ ಲಾಭಕ್ಕೆ ದುಬೈನಲ್ಲಿ ವ್ಯಕ್ತಿಗಳಿಗೆ ತೆರಿಗೆ ಇಲ್ಲ. ಆದರೆ ನೀವು ಭಾರತದ ಪೂರ್ಣ ನಿವಾಸಿಯಾದ ಮೇಲೆ ಜಗತ್ತಿನ ಯಾವ ಮೂಲೆಯ ಆದಾಯಕ್ಕೂ ಇಲ್ಲಿ ತೆರಿಗೆ ಉಂಟು. ಅಲ್ಲಿ ಕಟ್ಟಿದ್ದರೆ ಇಲ್ಲಿ ಕಳೆಯಬಹುದಿತ್ತು. ಅಲ್ಲಿ ಕಟ್ಟುವುದೇ ಇಲ್ಲ, ಹಾಗಾಗಿ ಕಳೆಯುವುದಕ್ಕೂ ಏನೂ ಇಲ್ಲ.

ವಾಪಸ್ ಬಂದವರಿಗೆ ಕಾನೂನು ಒಂದಿಷ್ಟು ಕಾಲ ಕೊಡುತ್ತದೆ. ಸಿಎಗಳು ಅದನ್ನು ಆರ್‌ಎನ್‌ಒಆರ್ ಅನ್ನುತ್ತಾರೆ. ನಿವಾಸಿ ಹೌದು, ಆದರೆ ಇನ್ನೂ ಪೂರ್ಣ ನಿವಾಸಿ ಅಲ್ಲ ಎಂದು ಅರ್ಥ. ಹಿಂದಿನ 10 ಹಣಕಾಸು ವರ್ಷಗಳಲ್ಲಿ 9 ವರ್ಷ ನೀವು ಅನಿವಾಸಿಯಾಗಿದ್ದರೆ ಈ ಸ್ಥಾನ ಸಿಗುತ್ತದೆ. ಇಲ್ಲವೇ ಹಿಂದಿನ 7 ವರ್ಷಗಳಲ್ಲಿ ಭಾರತದಲ್ಲಿ ಇದ್ದ ದಿನಗಳು ಒಟ್ಟು 729 ಅಥವಾ ಅದಕ್ಕಿಂತ ಕಡಿಮೆ ಇದ್ದರೂ ಸಿಗುತ್ತದೆ. ಬಹಳ ವರ್ಷ ಹೊರಗಿದ್ದವರಿಗೆ ಇದು ಸಾಮಾನ್ಯವಾಗಿ 2 ವರ್ಷ ನಡೆಯುತ್ತದೆ, ಕೆಲವರಿಗೆ 3 ವರ್ಷ. ಆ ಅವಧಿಯಲ್ಲಿ ದುಬೈ ಮನೆ ಮಾರಿದರೆ ಲಾಭಕ್ಕೆ ಇಲ್ಲಿ ತೆರಿಗೆ ಬೀಳುವುದಿಲ್ಲ. ಒಂದು ಷರತ್ತು ಇದೆ. ಹಣ ಮೊದಲು ನಿಮ್ಮ ದುಬೈ ಖಾತೆಗೇ ಬೀಳಬೇಕು, ಆಮೇಲೆ ಭಾರತಕ್ಕೆ ತರಬೇಕು. ನೇರ ಇಲ್ಲಿನ ಖಾತೆಗೆ ತರಿಸಿಕೊಂಡರೆ ತೊಂದರೆ.

ಹಾಗಾಗಿ ಹಳೆಯ ಪಾಸ್‌ಪೋರ್ಟ್, ಹೊಸ ಪಾಸ್‌ಪೋರ್ಟ್ ಎರಡನ್ನೂ ತೆಗೆದುಕೊಳ್ಳಿ. ಪ್ರತಿ ವರ್ಷ ಊರಿಗೆ ಬಂದ ದಿನ, ಹೋದ ದಿನ ಬರೆಯಿರಿ. ಮದುವೆ, ಜಾತ್ರೆ, ಅಪ್ಪನ ಆಸ್ಪತ್ರೆ ಅಂತ ಬಂದ ಹತ್ತು ಹತ್ತು ದಿನಗಳೂ ಸೇರಲಿ. ಆ ಪಟ್ಟಿಯನ್ನು ಸಿಎ ಕೈಗೆ ಕೊಟ್ಟು ಒಂದೇ ಪ್ರಶ್ನೆ ಕೇಳಿ: ನನ್ನ ಕೊನೆಯ ದಿನ ಯಾವುದು? ಅದನ್ನು ಗೋಡೆಯ ಕ್ಯಾಲೆಂಡರ್ ಮೇಲೆ ಗುರುತು ಹಾಕಿ. ಮುಂದಿನ ಎಲ್ಲ ಕೆಲಸ ಅಲ್ಲಿಂದ ಹಿಂದಕ್ಕೆ ಎಣಿಸಬೇಕು.

ಕೊನೆಯ ದಿನ ದಾಟಿ ಹೋಗಿದ್ದರೆ ಗಾಬರಿ ಬೇಡ. ಮನೆ ಇಟ್ಟುಕೊಂಡಿರುವುದು ತಪ್ಪಲ್ಲ. ಹೊರದೇಶದ ನಿವಾಸಿಯಾಗಿದ್ದಾಗ ಕೊಂಡ ಆಸ್ತಿಯನ್ನು ವಾಪಸ್ ಬಂದ ಮೇಲೂ ಇಟ್ಟುಕೊಳ್ಳಲು ಫೆಮಾ, ಅಂದರೆ ವಿದೇಶಿ ವಿನಿಮಯ ಕಾಯ್ದೆಯ ಸೆಕ್ಷನ್ 6(4) ಅವಕಾಶ ಕೊಟ್ಟಿದೆ. ತೆರಿಗೆಯ ಮಾತು ಕೊನೆಗೆ ಬರುತ್ತದೆ.

ಬಾಡಿಗೆದಾರ ಇದ್ದರೆ ಇವತ್ತೇ ನೋಟಿಸ್

ನನ್ನ ಎರಡೂವರೆ ತಿಂಗಳು ಹೋದದ್ದು ಇಲ್ಲೇ.

ದುಬೈನ ಬಾಡಿಗೆ ಕಾನೂನು 2007ರ 26ನೇ ಕಾನೂನು. 2008ರಲ್ಲಿ 33ನೇ ಕಾನೂನಿನಿಂದ ಅದಕ್ಕೆ ತಿದ್ದುಪಡಿಯಾಯಿತು. ಮನೆ ಮಾರಲು ಬಾಡಿಗೆದಾರನನ್ನು ಬಿಡಿಸಬೇಕಾದರೆ 12 ತಿಂಗಳ ನೋಟಿಸ್ ಕೊಡಬೇಕು. ಅದನ್ನು ನೋಟರಿ ಪಬ್ಲಿಕ್ ಮೂಲಕ ಅಥವಾ ರಿಜಿಸ್ಟರ್ಡ್ ಅಂಚೆಯಲ್ಲೇ ಕೊಡಬೇಕು. ಕಾರಣ ಬರೆದಿರಬೇಕು.

ನಾನು 2021ರ ಜನವರಿಯಲ್ಲಿ ನಮ್ಮ ಬಾಡಿಗೆದಾರರಿಗೆ ವಾಟ್ಸಾಪ್ ಮಾಡಿದೆ. "ಮುಂದಿನ ವರ್ಷ ಮಾರುತ್ತೇವೆ, ಜನವರಿಗೆ ಖಾಲಿ ಮಾಡಿ." ಅವರು ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದರು. ಒಳ್ಳೆಯ ಮನುಷ್ಯ, ಬಾಡಿಗೆ ಒಂದು ದಿನ ತಡ ಮಾಡಿದವರಲ್ಲ. 2022ರ ಜನವರಿ ಬಂದಾಗ ಅವರ ಮಕ್ಕಳ ಶಾಲೆಯ ವರ್ಷ ಮುಗಿದಿರಲಿಲ್ಲ. ಕಾನೂನು ಪ್ರಕಾರ ನೋಟಿಸ್ ಬಂದಿಲ್ಲ ಅಂದರು. ಅದು ನಿಜವೇ ಆಗಿತ್ತು. ಕೊನೆಗೆ ಮಾತುಕತೆ ಮಾಡಿ, ಸ್ವಲ್ಪ ಪರಿಹಾರ ಕೊಟ್ಟು, ಏಪ್ರಿಲ್ ಕೊನೆಗೆ ಮನೆ ಕೈಗೆ ಬಂತು. ಅಷ್ಟರಲ್ಲಿ ಮಾರ್ಚ್ 31 ದಾಟಿತ್ತು. ಒಂದು ನೋಟರಿ ಕಾಗದದ ಖರ್ಚು ಎಷ್ಟು, ನಾನು ಇಲ್ಲಿ ಕಟ್ಟಿದ ತೆರಿಗೆ ಎಷ್ಟು! ಈಗಲೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಬಾಡಿಗೆದಾರನ ಸಮೇತ ಮಾರಬಹುದಲ್ವಾ ಎಂದು ಕೇಳಬಹುದು. ಮಾರಬಹುದು. ಬಾಡಿಗೆ ಆದಾಯಕ್ಕಾಗಿ ಕೊಳ್ಳುವವರು ಬರುತ್ತಾರೆ. ಆದರೆ ದೊಡ್ಡ ವಿಲ್ಲಾಗಳನ್ನು ಕೊಳ್ಳುವವರು ಹೆಚ್ಚಾಗಿ ಕುಟುಂಬ ಸಮೇತ ತಾವೇ ಇರಲು ಬರುವವರು. ಅವರಿಗೆ ಖಾಲಿ ಮನೆ ಬೇಕು.

ಹೆಸರು, ಪಾಸ್‌ಪೋರ್ಟ್, ಸಹಿ

ನಮ್ಮ ಕಡೆಯ ಹೆಸರುಗಳ ಕಥೆ ನಿಮಗೆ ಗೊತ್ತೇ ಇದೆ. ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು. ಒಂದು ಪಾಸ್‌ಪೋರ್ಟ್‌ನಲ್ಲಿ ಮೂರೂ ಇರುತ್ತವೆ, ಇನ್ನೊಂದರಲ್ಲಿ ಅಪ್ಪನ ಹೆಸರು ಇಲ್ಲ. ಪಾಟೀಲ ಎಂಬ ಒಂದೇ ಅಡ್ಡಹೆಸರನ್ನು ಇಂಗ್ಲಿಷಿನಲ್ಲಿ ಎರಡು ಥರ ಬರೆದಿರುತ್ತಾರೆ. ಟೈಟಲ್ ಡೀಡ್, ಈಗಿನ ಪಾಸ್‌ಪೋರ್ಟ್, ದುಬೈ ಬ್ಯಾಂಕ್ ಖಾತೆ, ಈ ಮೂರರಲ್ಲೂ ಹೆಸರು ಅಕ್ಷರಕ್ಕೆ ಅಕ್ಷರ ಕೂಡಬೇಕು. ಮನೆ ಕೊಂಡಾಗ ಇದ್ದ ಪಾಸ್‌ಪೋರ್ಟ್ ಅವಧಿ ಮುಗಿದಿದ್ದರೆ ಹೊಸ ಪಾಸ್‌ಪೋರ್ಟ್ ವಿವರವನ್ನು ದುಬೈ ಭೂ ಇಲಾಖೆಯಲ್ಲಿ ಮೊದಲೇ ಸೇರಿಸಿ. ಹಳೆಯದನ್ನು ಎಸೆಯಲೇಬೇಡಿ. ಮನೆ ಹೆಂಡತಿಯ ಹೆಸರಿನಲ್ಲೂ ಇದ್ದರೆ ಅವರ ಕಾಗದಗಳೂ ಹೀಗೇ ಸರಿಯಾಗಬೇಕು, ಅವರ ಸಹಿಯೂ ಬೇಕು.

ಸಹಿಗೆ ಯಾರು ಹೋಗುತ್ತಾರೆ? ಸಾಂಬ್ರಾದಿಂದ ಮುಂಬೈ, ಅಲ್ಲಿಂದ ದುಬೈ ಅಂತ ನೀವೇ ಹೋಗಿ ಬರುವುದು ಎಲ್ಲಕ್ಕಿಂತ ಸುಲಭ. ಹೋಗಲು ಆಗದಿದ್ದರೆ ಮುಖ್ತ್ಯಾರ ಪತ್ರ (ಪವರ್ ಆಫ್ ಅಟಾರ್ನಿ) ಮಾಡಬೇಕು. ಇಂಗ್ಲೆಂಡಿಗೋ ಅಮೆರಿಕಕ್ಕೋ ಆದರೆ ಕಾಗದ ಅಸಲಿ ಎಂದು ದೃಢೀಕರಿಸುವ ವಿದೇಶಾಂಗ ಸಚಿವಾಲಯದ ಅಪಾಸ್ಟಿಲ್ ಮುದ್ರೆಯಿಂದ ಕೆಲಸ ಆಗುತ್ತದೆ. ಯುಎಇಗೆ ಅದು ಸಾಲದು. ಇಲ್ಲಿನ ನೋಟರಿ, ರಾಜ್ಯ ಸರ್ಕಾರದ ದೃಢೀಕರಣ, ದೆಹಲಿಯ ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿ, ಅಲ್ಲಿಗೆ ತಲುಪಿದ ಮೇಲೆ ಯುಎಇ ವಿದೇಶಾಂಗ ಸಚಿವಾಲಯದ ಮುದ್ರೆ, ಕೊನೆಗೆ ಅಧಿಕೃತ ಅನುವಾದಕರಿಂದ ಅರೇಬಿಕ್ ಅನುವಾದ. ಒಂದು ಕಡೆ ಒಂದು ಅಕ್ಷರ ತಪ್ಪಿದರೆ ಮತ್ತೆ ಮೊದಲಿನಿಂದ. ಪತ್ರದಲ್ಲಿ ಮನೆಯ ಪೂರ್ತಿ ವಿವರ ಇರಲಿ. ಮಾರುವ ಅಧಿಕಾರ ಸ್ಪಷ್ಟವಾಗಿ ಬರೆದಿರಲಿ. ಹಣ ಪಡೆಯುವ ಅಧಿಕಾರ ಕೊಡಬೇಕೋ ಬೇಡವೋ ಅನ್ನುವುದನ್ನು ಸ್ವಂತ ತಮ್ಮನಾದರೂ ಕೂತು ಯೋಚಿಸಿ. ನಾನು ಕೊಡುವುದಿಲ್ಲ. ಮಾರುವ ಸಹಿ ಅವರದಿರಲಿ, ಚೆಕ್ ಮಾಲೀಕರ ಹೆಸರಿಗೇ ಇರಲಿ.

ಇನ್ನೂ ದುಬೈನಲ್ಲೇ ಇದ್ದು ಊರಿಗೆ ಬರಲು ತಯಾರಾಗುತ್ತಿರುವವರು ಈ ಪತ್ರವನ್ನು ಅಲ್ಲಿಯೇ ಮಾಡಿಸಿ ಬನ್ನಿ. ಜೊತೆಗೆ, ವೀಸಾ ರದ್ದಾದ ಮೇಲೆ ಬ್ಯಾಂಕ್ ಖಾತೆ ಮುಚ್ಚಿ ಹೋಗದಂತೆ ಅದನ್ನು ಅನಿವಾಸಿ ಖಾತೆಯಾಗಿ ಉಳಿಸಿಕೊಳ್ಳಿ.

ಏಜೆಂಟ್ ಮತ್ತು ಬೆಲೆ

ಏಜೆಂಟ್‌ಗೆ ಅಲ್ಲಿನ ರಿಯಲ್ ಎಸ್ಟೇಟ್ ನಿಯಂತ್ರಣ ಸಂಸ್ಥೆ ರೇರಾದ ನೋಂದಣಿ ಇರಲೇಬೇಕು. ಅವರ ಬ್ರೋಕರ್ ಕಾರ್ಡ್ ಸಂಖ್ಯೆ ಕೇಳಿ, ಭೂ ಇಲಾಖೆಯ ದುಬೈ ರೆಸ್ಟ್ ಆ್ಯಪ್‌ನಲ್ಲಿ ನೋಡಿ. ನಿಮ್ಮ ಮತ್ತು ಏಜೆಂಟ್ ನಡುವಿನ ಕರಾರಿಗೆ ಫಾರ್ಮ್ ಎ ಎನ್ನುತ್ತಾರೆ. ಅದಾದ ಮೇಲೆ ಜಾಹೀರಾತಿಗೆ ಟ್ರಖೀಸಿ ಎಂಬ ಪರವಾನಗಿ ಪಡೆಯಬೇಕು. ಪರವಾನಗಿ ಇಲ್ಲದ ಜಾಹೀರಾತು ಕಂಡರೆ ಆ ಏಜೆಂಟ್ ಬೇಡ. ಕಮಿಷನ್ ಸಾಮಾನ್ಯವಾಗಿ ಶೇಕಡಾ 2, ಅದರ ಮೇಲೆ ಶೇಕಡಾ 5 ವ್ಯಾಟ್. ಹತ್ತು ಏಜೆಂಟರಿಗೆ ಹಂಚಿದರೆ ಬೇಗ ಮಾರುತ್ತದೆ ಎಂದು ನಮ್ಮವರು ಅಂದುಕೊಳ್ಳುತ್ತಾರೆ. ಒಂದೇ ಮನೆ ಹತ್ತು ಕಡೆ ಹತ್ತು ಬೆಲೆಗೆ ಕಂಡರೆ ಹೊರದೇಶದ ಗಿರಾಕಿಗೆ ಅನುಮಾನ ಬರುತ್ತದೆ. ಒಬ್ಬರಿಗೆ ಮೂರು ತಿಂಗಳು ಕೊಡಿ, ಇಬ್ಬರು ಅಂದರೆ ಜಾಸ್ತಿ.

ಬೆಲೆಗೆ ಜಾಹೀರಾತು ನೋಡಬೇಡಿ. ಅಲ್ಲಿ ಇರುವುದು ಜನ ಕೇಳುವ ಬೆಲೆ. ನಿಜವಾಗಿ ನೋಂದಣಿಯಾದ ಬೆಲೆಗಳನ್ನು ಭೂ ಇಲಾಖೆಯೇ ಪ್ರಕಟಿಸುತ್ತದೆ. ನಿಮ್ಮದೇ ಬಡಾವಣೆ, ನಿಮ್ಮದೇ ಮಾದರಿಯ ಮನೆ, ಕಳೆದ ಆರು ತಿಂಗಳು, ಇಷ್ಟನ್ನು ನೋಡಿದರೆ ಸಾಕು. ಪಕ್ಕದ ಮನೆಯವರು 2014ರಲ್ಲಿ ಎಷ್ಟಕ್ಕೆ ಮಾರಿದರು ಎಂಬುದು ಈಗ ಕೆಲಸಕ್ಕೆ ಬಾರದು. 2014ರ ನಂತರ ದುಬೈ ಬೆಲೆಗಳು ವರ್ಷಗಟ್ಟಲೆ ಇಳಿದು, 2021ರಿಂದ ಮತ್ತೆ ಏರಿದವು.

ಹೊರದೇಶದವರಿಗೆ ಮಾರುವಾಗ ಎರಡು ಗಡಿಗಳನ್ನು ತಿಳಿದಿರಿ. ಒಂದು 20 ಲಕ್ಷ ದಿರ್ಹಾಮ್. ಅಷ್ಟು ಅಥವಾ ಅದಕ್ಕಿಂತ ಹೆಚ್ಚಿನ ಆಸ್ತಿ ಕೊಂಡವರು 10 ವರ್ಷದ ಗೋಲ್ಡನ್ ವೀಸಾಕ್ಕೆ ಅರ್ಜಿ ಹಾಕಬಹುದು. ನಿಮ್ಮ ಮನೆ ಈ ಗಡಿಯ ಹತ್ತಿರ ಇದ್ದರೆ 19 ಲಕ್ಷದ 50 ಸಾವಿರಕ್ಕೆ ಇಳಿಸಿ ಗಿರಾಕಿಯನ್ನು ಸೆಳೆಯುತ್ತೇನೆ ಅನ್ನುವುದು ಉಲ್ಟಾ ಆಗುತ್ತದೆ. ಅವರಿಗೆ ಆ ವೀಸಾ ಬೇಕಾಗಿರುತ್ತದೆ. ಇನ್ನೊಂದು 50 ಲಕ್ಷ ದಿರ್ಹಾಮ್. ಅಲ್ಲಿ ಕೆಲಸದಲ್ಲಿರುವ ಹೊರದೇಶದವರಿಗೆ ಮೊದಲ ಮನೆಗೆ ಈ ಬೆಲೆಯವರೆಗೆ ಬ್ಯಾಂಕ್ ಶೇಕಡಾ 80ರಷ್ಟು ಸಾಲ ಕೊಡಬಹುದು, ಅದನ್ನು ದಾಟಿದರೆ ಶೇಕಡಾ 70 ಮಾತ್ರ. ಅಂದರೆ 51 ಲಕ್ಷದ ಮನೆಗೆ ಗಿರಾಕಿ ಕೈಯಿಂದ 15 ಲಕ್ಷಕ್ಕೂ ಹೆಚ್ಚು ಹಾಕಬೇಕು, 50 ಲಕ್ಷದ ಮನೆಗೆ 10 ಲಕ್ಷ. ಒಂದೇ ಲಕ್ಷದ ಆಸೆಗೆ ಅರ್ಧ ಗಿರಾಕಿಗಳು ದೂರವಾಗುತ್ತಾರೆ.

ಕಾಲವೂ ಮುಖ್ಯ. ಜೂನ್‌ನಿಂದ ಆಗಸ್ಟ್‌ವರೆಗೆ ಅಲ್ಲಿನ ಬಿಸಿಲಿಗೆ ಮನೆ ನೋಡಲು ಬರುವವರು ಕಡಿಮೆ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ತೋಟವೂ ಹಸಿರಾಗಿರುತ್ತದೆ, ಗಿರಾಕಿಗಳೂ ಊರಲ್ಲಿರುತ್ತಾರೆ.

ಅವರ ಕಣ್ಣಿನಿಂದ ಮನೆ ನೋಡಿ

ನಮ್ಮ ಮನೆಯಲ್ಲಿ ಪೂರ್ವಕ್ಕೆ ಮುಖ ಮಾಡಿದ ದೇವರ ಕೋಣೆ ಇತ್ತು. ನನ್ನ ಹೆಂಡತಿ ಅಂಗಳದಲ್ಲಿ ತುಳಸಿ ಕಟ್ಟೆ ಕಟ್ಟಿಸಿದ್ದಳು. ಜಾಹೀರಾತಿನ ಮೊದಲ ಸಾಲಿನಲ್ಲೇ ವಾಸ್ತು ಅಂತ ಬರೆಸಬೇಕು ಎಂದು ನನ್ನ ಆಸೆ. ಏಜೆಂಟ್ ಹುಡುಗಿ ಬಹಳ ಮರ್ಯಾದೆಯಿಂದ ಹೇಳಿದಳು: ಭಾರತದ ಗಿರಾಕಿ ಬಂದರೆ ನಾನು ಬಾಯಿಮಾತಿನಲ್ಲಿ ಹೇಳುತ್ತೇನೆ, ಉಳಿದವರಿಗೆ ಅದು ಒಂದು ಸಣ್ಣ ಕೋಣೆ. ಅವಳು ಹೇಳಿದ್ದು ಸರಿ. ನೋಡಲು ಬಂದ ಯುರೋಪಿನ ಜೋಡಿ ಕೇಳಿದ್ದು ಬೇರೆಯೇ. ಎಸಿ ಯಂತ್ರ ಎಷ್ಟು ವರ್ಷದ್ದು? ಛಾವಣಿಗೆ ವಾಟರ್‌ಪ್ರೂಫಿಂಗ್ ಯಾವಾಗ ಮಾಡಿಸಿದಿರಿ? ಮಧ್ಯಾಹ್ನದ ಬಿಸಿಲು ಯಾವ ಕೋಣೆಗೆ ಬೀಳುತ್ತದೆ? ಸರ್ವೀಸ್ ಚಾರ್ಜ್, ಅಂದರೆ ಬಡಾವಣೆಯ ನಿರ್ವಹಣಾ ಶುಲ್ಕ, ಚದರ ಅಡಿಗೆ ಎಷ್ಟು? ಈ ನಾಲ್ಕಕ್ಕೂ ಬಿಲ್ಲು ಸಮೇತ ಉತ್ತರ ಇಟ್ಟುಕೊಂಡರೆ ಅರ್ಧ ನಂಬಿಕೆ ಅಲ್ಲೇ ಬರುತ್ತದೆ.

ಅಡುಗೆಮನೆ ಕಲ್ಲಿನ ಮೇಲಿನ ಅರಿಶಿನದ ಕಲೆ, ಒಗ್ಗರಣೆ ಹೊಗೆ ಹಿಡಿದ ಚಿಮಣಿ, ಇವನ್ನು ಹಣ ಕೊಟ್ಟು ಸ್ವಚ್ಛ ಮಾಡಿಸಿ. ಗೋಡೆಗೆ ಬಿಳಿ ಬಣ್ಣ ಹೊಡೆಸಿ. ಫೋಟೊಗಳನ್ನು ತೆಗೆದು ಪೆಟ್ಟಿಗೆಗೆ ಹಾಕಿ. ತುಳಸಿ ಗಿಡವನ್ನು ಅಲ್ಲೇ ಇದ್ದ ಒಬ್ಬ ಧಾರವಾಡದ ಗೆಳತಿಗೆ ಕೊಟ್ಟು ಬಂದೆವು. ಹೆಂಡತಿ ಅವತ್ತು ಊಟ ಮಾಡಲಿಲ್ಲ.

ಹೆಚ್ಚು ಪೆಟ್ಟು ಕೊಡುವುದು ಇನ್ನೊಂದು. ಹಿಂದಿನ ಅಂಗಳದಲ್ಲಿ ಶೆಡ್ಡು, ಮೇಲೊಂದು ಕೋಣೆ, ಗೋಡೆ ಒಡೆದು ದೊಡ್ಡದು ಮಾಡಿದ ಹಾಲ್. ಡೆವಲಪರ್ ಅನುಮತಿ ಇಲ್ಲದೆ ಹೀಗೆ ಮಾಡಿದ್ದರೆ ಎನ್‌ಒಸಿ, ಅಂದರೆ ಮಾರಾಟಕ್ಕೆ ಡೆವಲಪರ್ ಕೊಡುವ ನಿರಾಕ್ಷೇಪಣಾ ಪತ್ರದ ಹಂತದಲ್ಲಿ ಅದು ಸಿಕ್ಕಿಬೀಳುತ್ತದೆ. ಆಗ ಗಿರಾಕಿ ಕಾಯುತ್ತಾ ನಿಂತಿರುತ್ತಾನೆ, ನೀವು ಶೆಡ್ಡು ಕೆಡವಿಸಲು ಆಳು ಹುಡುಕುತ್ತಿರುತ್ತೀರಿ. ಜಾಹೀರಾತಿಗೂ ಮೊದಲೇ ಅನುಮತಿ ಪತ್ರ ಹುಡುಕಿ. ಸಿಗದಿದ್ದರೆ ಈಗಲೇ ಸರಿಪಡಿಸಿ.

ಗಿರಾಕಿ ಒಪ್ಪಿದ ಮೇಲೆ

ಮಾರಾಟದ ಕರಾರು ಅಂದರೆ ಫಾರ್ಮ್ ಎಫ್. ಅದಕ್ಕೆ ಸಹಿ ಹಾಕುವಾಗ ಗಿರಾಕಿ ಸಾಮಾನ್ಯವಾಗಿ ಬೆಲೆಯ ಶೇಕಡಾ 10ರ ಚೆಕ್ ಕೊಡುತ್ತಾನೆ, ಅದನ್ನು ಏಜೆಂಟ್ ಕಚೇರಿ ಇಟ್ಟುಕೊಂಡಿರುತ್ತದೆ. ಭೂ ಇಲಾಖೆಯ ವರ್ಗಾವಣೆ ಶುಲ್ಕ ಶೇಕಡಾ 4. ರೂಢಿಯಲ್ಲಿ ಪೂರ್ತಿ ಗಿರಾಕಿಯೇ ಕೊಡುತ್ತಾನೆ. ಆದರೂ ಅದನ್ನು ಕರಾರಿನಲ್ಲಿ ಬರೆಸಿ. ವರ್ಗಾವಣೆಯ ಕೊನೆಯ ದಿನಾಂಕ, ತಡವಾದರೆ ಏನು, ಯಾವ ಸಾಮಾನು ಮನೆ ಜೊತೆ ಹೋಗುತ್ತದೆ ಅನ್ನುವುದನ್ನೂ ಬರೆಸಿ. ಬೆಲೆ ದಿರ್ಹಾಮ್‌ನಲ್ಲೇ ಇರಲಿ. ದಿರ್ಹಾಮ್ ಡಾಲರಿಗೆ 3.6725ರ ದರದಲ್ಲಿ ಕಟ್ಟಿಕೊಂಡಿದೆ, ಹಾಗಾಗಿ ಆ ಕಡೆ ಏರುಪೇರಿನ ಭಯ ಇಲ್ಲ.

ಹೊರದೇಶದ ಗಿರಾಕಿಯ ಬಳಿ ಹಣ ಇರುವುದು ಒಂದು, ಅದು ದುಬೈಗೆ ಬಂದು ಮುಟ್ಟುವುದು ಇನ್ನೊಂದು. ವರ್ಗಾವಣೆ ದಿನ ಬೇಕಾಗಿರುವುದು ಯುಎಇ ಬ್ಯಾಂಕಿನ ಮ್ಯಾನೇಜರ್ ಚೆಕ್, ನಮ್ಮ ಡಿಮಾಂಡ್ ಡ್ರಾಫ್ಟ್ ಥರ ಬ್ಯಾಂಕೇ ಬರೆದುಕೊಡುವ ಚೆಕ್. ಅವರಿಗೆ ಅಲ್ಲಿ ಖಾತೆಯೇ ಇಲ್ಲದಿರಬಹುದು. ಅವರ ದೇಶದ ಬ್ಯಾಂಕ್ ದೊಡ್ಡ ಮೊತ್ತ ಕಳಿಸುವ ಮೊದಲು ನೂರು ಪ್ರಶ್ನೆ ಕೇಳಬಹುದು. ಹಾಗಾಗಿ ಫಾರ್ಮ್ ಎಫ್‌ಗೆ ಮೊದಲೇ ಎರಡು ವಿಷಯ ಕೇಳಿ: ಹಣ ಈಗ ಯಾವ ದೇಶದಲ್ಲಿದೆ, ಯಾರ ಹೆಸರಿನ ಖಾತೆಯಿಂದ ಬರುತ್ತದೆ. ಇದನ್ನು ಕೇಳಲು ಸಂಕೋಚ ಬೇಡ, ಅವರೂ ತಪ್ಪು ತಿಳಿಯುವುದಿಲ್ಲ. ನಗದು ಕೊಡುತ್ತೇನೆ ಎಂದರೆ ನಯವಾಗಿ ಬೇಡ ಅನ್ನಿ. ಆಸ್ತಿ ವ್ಯವಹಾರದಲ್ಲಿ ನಗದು 55,000 ದಿರ್ಹಾಮ್ ಮುಟ್ಟಿದರೆ ಏಜೆಂಟರು ಅದನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕು.

ಮುಂದೆ ಡೆವಲಪರ್‌ನಿಂದ ಎನ್‌ಒಸಿ. ಸರ್ವೀಸ್ ಚಾರ್ಜ್ ಒಂದು ಪೈಸೆ ಬಾಕಿ ಇದ್ದರೂ ಸಿಗುವುದಿಲ್ಲ. ನಿಮ್ಮ ಮೇಲೆ ಬ್ಯಾಂಕ್ ಸಾಲ ಇದ್ದರೆ ಬ್ಯಾಂಕಿನಿಂದ ಬಾಕಿ ಪತ್ರ ತರಿಸಿ. ಗಿರಾಕಿಯ ಹಣದಲ್ಲಿ ಅದು ಮೊದಲು ತೀರಬೇಕು, ಇದಕ್ಕೆ ವಾರಗಳೇ ಬೇಕು. ಕೊನೆಗೆ ಟ್ರಸ್ಟಿ ಕಚೇರಿ, ಅಂದರೆ ಭೂ ಇಲಾಖೆಯ ಪರವಾಗಿ ವರ್ಗಾವಣೆ ನೋಂದಾಯಿಸುವ ಕಚೇರಿ. ನಮ್ಮ ಉಪನೋಂದಣಾಧಿಕಾರಿ ಕಚೇರಿಯಲ್ಲಿ ದಿನವಿಡೀ ಕಾದು ರೂಢಿ ಇರುವವರಿಗೆ ಅಲ್ಲಿನ ಕೆಲಸ ಕಂಡರೆ ಖುಷಿಯಾಗುತ್ತದೆ. ಎರಡೂ ಕಡೆಯವರು ಕೂರುತ್ತಾರೆ, ಚೆಕ್ ತೋರಿಸುತ್ತಾರೆ, ಸಹಿ ಹಾಕುತ್ತಾರೆ. ಗಿರಾಕಿಯ ಹೆಸರಿನ ಹೊಸ ಟೈಟಲ್ ಡೀಡ್ ಅಲ್ಲೇ ಕೈಗೆ ಬರುತ್ತದೆ. ಚೆಕ್ಕಿನಲ್ಲಿ ನಿಮ್ಮ ಹೆಸರಿನ ಅಕ್ಷರಗಳನ್ನು ಸಹಿಗೆ ಮೊದಲು ಓದಿ.

ಹಣ ಊರಿಗೆ, ಲೆಕ್ಕ ಇಲಾಖೆಗೆ

ಆರ್‌ಎನ್‌ಒಆರ್ ಅವಧಿ ಮುಗಿದವರಿಗೆ ಈಗಿನ ಲೆಕ್ಕ ಹೀಗಿದೆ. 24 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡ ಮನೆಯ ಲಾಭಕ್ಕೆ ಶೇಕಡಾ 12.5. ಅದರ ಮೇಲೆ ಮೊತ್ತಕ್ಕೆ ತಕ್ಕ ಸರ್‌ಚಾರ್ಜ್, ಶೇಕಡಾ 4 ಸೆಸ್. 2024ರ ಜುಲೈ 23ಕ್ಕಿಂತ ಮೊದಲು ಕೊಂಡಿದ್ದರೆ ಹಳೆಯ ರೀತಿಯಲ್ಲಿ, ಬೆಲೆಯೇರಿಕೆ ಸೂಚ್ಯಂಕ ಸೇರಿಸಿ ಶೇಕಡಾ 20ರಂತೆಯೂ ಲೆಕ್ಕ ಹಾಕಿಸಿ. ಯಾವುದರಲ್ಲಿ ತೆರಿಗೆ ಕಡಿಮೆಯೋ ಅದು ನಿಮ್ಮದು. ಆ ಸೂಚ್ಯಂಕ 2010-11ರಲ್ಲಿ 167 ಇತ್ತು, 2025-26ಕ್ಕೆ 376. ಹಳೆಯ ಮನೆಗೆ ಇದರಿಂದ ದೊಡ್ಡ ವ್ಯತ್ಯಾಸ ಆಗಬಹುದು. ದಿರ್ಹಾಮ್ ಅನ್ನು ರೂಪಾಯಿಗೆ ತರುವಾಗ ಯಾವ ದಿನದ ದರ ಹಿಡಿಯುತ್ತೀರಿ ಎಂಬುದನ್ನು ಸಿಎಯಿಂದ ಬರವಣಿಗೆಯಲ್ಲೇ ಪಡೆಯಿರಿ. 2010ರಲ್ಲಿ ಒಂದು ದಿರ್ಹಾಮ್‌ಗೆ 12-13 ರೂಪಾಯಿ ಇತ್ತು, 2025ರಲ್ಲಿ 23 ದಾಟಿತು. ಲೆಕ್ಕ ಎಲ್ಲಿಂದ ಎಲ್ಲಿಗೋ ಹೋಗುತ್ತದೆ.

ಲಾಭದ ಹಣದಲ್ಲಿ ಭಾರತದಲ್ಲಿ ವಾಸದ ಮನೆ ಕೊಂಡರೆ ಅಥವಾ ಕಟ್ಟಿದರೆ ರಿಯಾಯಿತಿ ಇದೆ. 1961ರ ಹಳೆಯ ಆದಾಯ ತೆರಿಗೆ ಕಾಯ್ದೆಯಲ್ಲಿ ಅದು ಸೆಕ್ಷನ್ 54. ಮಾರುವ ಒಂದು ವರ್ಷ ಮೊದಲು ಅಥವಾ ಎರಡು ವರ್ಷದೊಳಗೆ ಕೊಳ್ಳಬೇಕು, ಕಟ್ಟುವುದಾದರೆ ಮೂರು ವರ್ಷ. ಮಿತಿ 10 ಕೋಟಿ. ನಾನು ಉಳಿದದ್ದು ಇದರಿಂದಲೇ. ಹನುಮಾನ ನಗರದ ಈ ಮನೆ ಕಟ್ಟಿದ್ದು ಆ ಹಣದಲ್ಲಿ. ಆದರೆ ಲಾಭ ಪೂರ್ತಿ ಮನೆಗೆ ಹಾಕಲು ಆಗಲಿಲ್ಲ, ಮಗಳ ಓದಿಗೂ ಬೇಕಿತ್ತು. ಉಳಿದದ್ದಕ್ಕೆ ತೆರಿಗೆ ಕಟ್ಟಿದೆ. ರಿಟರ್ನ್ ಸಲ್ಲಿಸುವ ಕೊನೆಯ ದಿನದೊಳಗೆ ಹಣ ಬಳಸಲು ಆಗದಿದ್ದರೆ ಬ್ಯಾಂಕಿನಲ್ಲಿ ಕ್ಯಾಪಿಟಲ್ ಗೇನ್ಸ್ ಖಾತೆ ತೆರೆದು ಅದರಲ್ಲಿ ಇಡಬೇಕು. ಹೊರದೇಶದ ಗಿರಾಕಿ ನಿಮ್ಮ ಪರವಾಗಿ ಇಲ್ಲಿ ಟಿಡಿಎಸ್ ಕಟ್ಟಿರುವುದಿಲ್ಲ, ಹಾಗಾಗಿ ಮುಂಗಡ ತೆರಿಗೆಯ ಕಂತನ್ನು ನೀವೇ ನೆನಪಿಟ್ಟು ಕಟ್ಟಬೇಕು.

ಪೂರ್ಣ ನಿವಾಸಿಯಾದ ವರ್ಷದಿಂದ ಪ್ರತಿ ರಿಟರ್ನ್‌ನಲ್ಲೂ ವಿದೇಶಿ ಆಸ್ತಿಯ ಪಟ್ಟಿ ತುಂಬಬೇಕು. ಮನೆಯೂ ಅಲ್ಲಿ ಬರಬೇಕು, ದುಬೈ ಬ್ಯಾಂಕ್ ಖಾತೆಯೂ ಬರಬೇಕು. ಬಿಟ್ಟರೆ 2015ರ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿ ದಂಡ. 2024ರಲ್ಲಿ ಸಣ್ಣ ಮೊತ್ತದ ವಿದೇಶಿ ಆಸ್ತಿಗಳಿಗೆ ಇದರಿಂದ ವಿನಾಯಿತಿ ಬಂತು. ಮನೆ, ಜಮೀನಿಗೆ ಆ ವಿನಾಯಿತಿ ಇಲ್ಲ. ಬಾಗಲಕೋಟೆಯ ಕಾಕಾ ಇದನ್ನು ಎರಡು ವರ್ಷ ತುಂಬಿರಲಿಲ್ಲ. ಮನೆ ಮಾರುವ ಮಾತು ಆಮೇಲೆ, ಮೊದಲು ಸಿಎ ಹತ್ತಿರ ಹೋಗಿ ಇದನ್ನು ಸರಿ ಮಾಡಿಸಿ ಎಂದು ಕಳಿಸಿದೆ.

ದುಬೈ ಖಾತೆಯನ್ನು ಹಣ ಬಂದ ಮರುದಿನವೇ ಮುಚ್ಚಬೇಡಿ. ನೀರು, ವಿದ್ಯುತ್ತಿನ ಕೊನೆಯ ಬಿಲ್ ಕಟ್ಟುವುದು ಇರುತ್ತದೆ. ವಿಲ್ಲಾಕ್ಕೆ ಅಲ್ಲಿನ ವಿದ್ಯುತ್-ನೀರು ಸಂಸ್ಥೆ ಡೇವಾದಲ್ಲಿ ಇಟ್ಟ 4,000 ದಿರ್ಹಾಮ್ ಠೇವಣಿ ವಾಪಸ್ ಬರುವುದು ಸಂಪರ್ಕ ಮುಚ್ಚಿ, ಆ ಬಿಲ್ ತೀರಿದ ಮೇಲೆಯೇ.